ಕಿಣ್ವದ ಹುಡುಕಾಟ: ಹಣ ಯಾರದು, ಫಲ ಯಾರಿಗೆ?



ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಟ್ಟಿಯಲ್ಲಿ ಹುದುಗಲು ಬಿಟ್ಟಾಗ ಬೀಜಕ್ಕಂಟಿದ ಲೋಳೆ ಕರಗಿಹೋಗುವುದನ್ನು ನೀವು ಬಲ್ಲಿರಿ. ಆ ಕೆಲಸದಲ್ಲಿ ಸೂಕ್ಷ್ಮಜೀವಿಗಳು ಸ್ರವಿಸುವ ಕಿಣ್ವಗಳ ಪಾಲು ದೊಡ್ಡದು. ಅಡಿಕೆ ಸಿಪ್ಪೆ ಮಾತ್ರ ಬೇಗ ಕೊಳೆಯದು. ಅದರ ಲಿಗ್ನಿನ್ ಅಂಶವನ್ನು ಚೆನ್ನಾಗಿ ಒಡೆಯಬಲ್ಲ ಜೀವಿಗಳು ಕೆಲವೇ, ಅವುಗಳಲ್ಲಿ ಮರ ಕೊಳೆಸುವ ಅಣಬೆಗಳೇ ಮುಖ್ಯ. ಇಂಥ ಕಿಣ್ವಗಳನ್ನು ಹುಡುಕಿ, ತಿದ್ದಿ, ಬಳಕೆಗೆ ತರುವ ಸಂಶೋಧನೆಗೆ ಹಣ ಎಲ್ಲಿಂದ ಬರಬೇಕು?

1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಯೊಂದರಿಂದ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಒಂದು ಬ್ಯಾಕ್ಟೀರಿಯಾವನ್ನು ಸಂಗ್ರಹಿಸಿದರು. ಸರ್ಕಾರದ ಅನುದಾನ, ಶುದ್ಧ ಕುತೂಹಲ. ಲಾಭದ ಮಾತೇ ಇರಲಿಲ್ಲ. 1976ರಲ್ಲಿ ಆಲಿಸ್ ಚಿಯೆನ್ ಮತ್ತು ಸಂಗಡಿಗರು ಅದರಿಂದ ಶಾಖಕ್ಕೆ ಜಗ್ಗದ ಕಿಣ್ವವೊಂದನ್ನು ಶುದ್ಧೀಕರಿಸಿದರು. ಅದೇ ಟ್ಯಾಕ್ ಪಾಲಿಮರೇಸ್. ಪಿಸಿಆರ್ ಎಂಬ ವಿಧಾನ ಸುಲಭವಾದದ್ದು ಅದರಿಂದ. ಕೋವಿಡ್ ಕಾಲದಲ್ಲಿ ನಮ್ಮ ಮೂಗಿನ ದ್ರವವನ್ನು ಪರೀಕ್ಷಿಸಿದ್ದೂ ಅದೇ ವಿಧಾನದಿಂದ. 1991ರಲ್ಲಿ ಪಿಸಿಆರ್ ಹಕ್ಕುಗಳನ್ನು ರೋಶ್ ಕಂಪನಿ 30 ಕೋಟಿ ಡಾಲರಿಗೆ ಕೊಂಡಿತು. ಬುಗ್ಗೆಯನ್ನು ಕಾಪಾಡಿದ ಉದ್ಯಾನಕ್ಕೆ ದಕ್ಕಿದ್ದು ಸೊನ್ನೆ.

ಬುಗ್ಗೆಯಿಂದ ಮಾರುಕಟ್ಟೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ. ನಮ್ಮ ಪಿಎಚ್.ಡಿ. ಶಿಷ್ಯವೇತನದ ಅವಧಿಯೋ ಸಾಮಾನ್ಯವಾಗಿ ಐದು ವರ್ಷ. 2023ರ ಜನವರಿಯಿಂದ ಕೇಂದ್ರದ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000, ಹಿರಿಯರಿಗೆ 42,000 ರೂಪಾಯಿ ನಿಗದಿಯಾಗಿದೆ. ಮೊತ್ತ ಅಲ್ಪವೆನ್ನಲಾರೆ, ಆದರೆ ಅದು ತಿಂಗಳು ತಿಂಗಳು ಕೈಸೇರದಿದ್ದರೆ ಮೊದಲು ಓದು ಬಿಡುವವಳು ಕೂಲಿಕಾರರ ಮಗಳು. ಬಟ್ಟೆ ಸೋಪಿನ ಪುಡಿಗೆ ಬೇಕಾದ ಕಿಣ್ವಕ್ಕೆ ಕಂಪನಿಗಳು ಹಣ ಹಾಕಿಯಾವು. ಅಡಿಕೆ ಸಿಪ್ಪೆಯ ಕಿಣ್ವಕ್ಕೆ ಸಾರ್ವಜನಿಕ ಹಣವೇ ಗತಿ.

ಇನ್ನೊಂದು ಮಾತು. ಫ್ರಾನ್ಸಿಸ್ ಅರ್ನಾಲ್ಡ್ ಅವರಿಗೆ 2018ರ ನೊಬೆಲ್ ತಂದ ವಿಧಾನದಲ್ಲಿ ಕಿಣ್ವದ ಜೀನನ್ನು ಮತ್ತೆ ಮತ್ತೆ ಬದಲಿಸಿ ಒಳ್ಳೆಯದನ್ನು ಆರಿಸುತ್ತಾರೆ, ನಮ್ಮ ಹಿರಿಯರು ಭತ್ತದ ತೆನೆ ಆರಿಸಿದಂತೆ. ಹಾಗಾಗಿ ಕಾನಿನ ಒಂದು ಚಮಚ ಮಣ್ಣು ಹೋದರೆ ಸಾಕು. ಒಯ್ದವರು ಮರಳಿ ಬರಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಸೂಕ್ಷ್ಮಜೀವಿಗಳನ್ನೂ ಜೈವಿಕ ಸಂಪನ್ಮೂಲವೆಂದೇ ಎಣಿಸುತ್ತದೆ, ವಾಣಿಜ್ಯ ಬಳಕೆಯ ಲಾಭದಲ್ಲಿ ಪಾಲಿನ ಮಾತನ್ನೂ ಆಡುತ್ತದೆ. ಆದರೆ ಮೂಲ ಗೊತ್ತಿಲ್ಲದ ಮಣ್ಣಿಗೆ ಪಾಲು ಕೇಳುವವರಾರು? ಆದ್ದರಿಂದ ವಿದ್ಯಾರ್ಥಿಗಳೇ, ಪ್ರಬಂಧದಲ್ಲಿ ಮಾದರಿ ಸಿಕ್ಕ ಊರಿನ ಹೆಸರು ಬರೆಯಿರಿ. ಊರಿನವರೇ, ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ದಾಖಲೆಯಲ್ಲಿ ಮಣ್ಣು ಒಯ್ದವರ ಹೆಸರು, ಸಂಸ್ಥೆ, ದಿನಾಂಕ ಬರೆಸಿಡಿ.