ಮನೆಯ ಹಳೆಯ ಗಣಕಯಂತ್ರ: ಅದರ ಬೇನೆ, ಅದರ ಮದ್ದು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯ ಮೇಲೆ ಯಂತ್ರದ ಮಾತೇಕೆಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸದಿರದು. ಕಾರಣ ಇಷ್ಟೇ. ಮುಂಬಯಿಯ ನಮ್ಮ ಮನೆಗಳಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದು ಮೂಲೆಯ ಮೇಜಿನ ಮೇಲೆ ಕುಳಿತಿರುವ ಹಳೆಯ ಗಣಕಯಂತ್ರಗಳಲ್ಲಿ ನಮ್ಮ ಕನ್ನಡ ಬೇಕಾದಷ್ಟು ಅಡಗಿದೆ. ಊರಿನ ಮನೆಯನ್ನು ಮಾರುವ ಮುನ್ನ ತೆಗೆದ ಭಾವಚಿತ್ರಗಳು, ಅಜ್ಜಿ ಹೇಳಿ ಮೊಮ್ಮಗಳು ಬೆರಳಚ್ಚಿಸಿದ ಸೋಬಾನೆಯ ಹಾಡುಗಳು, ಸಂಘದ ಹಳೆಯ ವರದಿಗಳು, ಎಲ್ಲವೂ ಅಲ್ಲಿವೆ. ಯಂತ್ರ ಒಂದು ದಿನ ಮುಷ್ಕರ ಹೂಡಿತೆಂದರೆ ನಾವು ಅದನ್ನು ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕಿಬಿಡುತ್ತೇವೆ. ಒಳಗಿದ್ದುದೂ ಅದರೊಡನೆ ಹೊರಟುಹೋಗುತ್ತದೆ. ಸಂಘದ ಕೋಣೆಯಲ್ಲಿ ಭಾನುವಾರ ಸಂಜೆ ಇಂಥ ಯಂತ್ರಗಳನ್ನು ಬಿಚ್ಚಿ ನೋಡುವ ನಾವು ನಾಲ್ಕೈದು ಮಂದಿ ಕಂಡುಕೊಂಡದ್ದನ್ನು ತಮ್ಮ ಮುಂದಿಡುತ್ತೇವೆ.

ಈ ಮಾತಿಗೆ ಈಗ ಅವಸರವೂ ಒದಗಿದೆ. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದೇ ತಯಾರಕರ ಆಸರೆ ನಿಂತಿತು. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಆಸರೆ ಮುಗಿಯಿತು. ಮುಂದಿನ ವಿಂಡೋಸ್ ೧೧ ಟಿ.ಪಿ.ಎಂ. ೨.೦ ಎಂಬ ಭದ್ರತಾ ಸಾಧನವನ್ನೂ ಈಚಿನ ಪ್ರೊಸೆಸರನ್ನೂ ಕೇಳುತ್ತದೆ. ನಮ್ಮ ಹಳೆಯ ಯಂತ್ರಗಳಲ್ಲಿ ಅವೆರಡೂ ಇರುವುದು ಅಪರೂಪ. ಆಸರೆ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ. ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲ, ಅಷ್ಟೆ. ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ಬಳಸಬಾರದು. ಒಳಗಿನ ಕಾಗದಪತ್ರಗಳನ್ನು ಹೊರತೆಗೆಯುವುದಕ್ಕೆ ಧಾರಾಳವಾಗಿ ಬಳಸಬಹುದು.

ಕೆಟ್ಟ ಯಂತ್ರದ ಮುಂದೆ ಕುಳಿತಾಗ ಕೇಳಬೇಕಾದ ಮೊದಲ ಪ್ರಶ್ನೆ: ಬೇನೆ ಒಡಲಿನದೋ, ಮಾತಿನದೋ? ಒಡಲೆಂದರೆ ಕಣ್ಣಿಗೆ ಕಾಣುವ ಭಾಗಗಳು. ಮಾತೆಂದರೆ ಡ್ರೈವರ್. ಈ ಡ್ರೈವರ್ ಮೋಟಾರು ಓಡಿಸುವವನಲ್ಲ, ಒಬ್ಬ ದುಭಾಷಿ. ಊರಿನಿಂದ ಬಂದ ಅಜ್ಜಿಗೆ ಮರಾಠಿ ಬಾರದು, ಪಕ್ಕದ ಮನೆಯ ಆಯಿಗೆ ಕನ್ನಡ ಬಾರದು. ನಡುವೆ ನಿಂತು ಮೊಮ್ಮಗಳು ಇಬ್ಬರ ಮಾತನ್ನೂ ದಾಟಿಸುತ್ತಾಳೆ. ವಿಂಡೋಸಿಗೂ ಪ್ರಿಂಟರಿಗೂ ನಡುವೆ ಡ್ರೈವರ್ ಮಾಡುವ ಕೆಲಸ ಇದೇ. ಸಂಸಾರ ಚೆನ್ನೈಗೆ ವರ್ಗವಾಯಿತೆನ್ನಿ, ಅವಳ ಮರಾಠಿ ಅಲ್ಲಿ ನಡೆಯದು. ೩೨ ಬಿಟ್ಟಿನ ವಿಂಡೋಸಿಗಾಗಿ ಬರೆದ ಡ್ರೈವರ್ ೬೪ ಬಿಟ್ಟಿನ ವಿಂಡೋಸಿನಲ್ಲಿ ನಡೆಯದಿರುವುದೂ ಹೀಗೆಯೇ. ಪ್ರಿಂಟರ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ನಾವು ಮಾತ್ರ ಅದು ಸತ್ತಿತೆಂದು ಅಳುತ್ತೇವೆ.

ಒಡಲಿನ ಬೇನೆಗೆ ಮೊದಲು ಬರೋಣ. ಗುಂಡಿ ಒತ್ತಿದರೆ ಪಂಖ ತಿರುಗುತ್ತದೆ, ಪರದೆ ಕತ್ತಲು, ಒಳಗಿನಿಂದ ಬೀಪ್ ಬೀಪ್ ಎಂಬ ಕೂಗು. ಈ ಕೂಗಿನ ಅರ್ಥ ಬಯಾಸ್ ತಯಾರಿಸಿದವರನ್ನು ಅನುಸರಿಸಿ ಬೇರೆಬೇರೆ. ಆದರೂ ನಮ್ಮ ಅನುಭವದಲ್ಲಿ ಹೆಚ್ಚಿನ ಸಲ ತಪ್ಪಿತಸ್ಥ ರ‍್ಯಾಮ್ ಪಟ್ಟಿ. ನಮ್ಮದು ಕಡಲತಡಿಯ ಊರು. ನಾಲ್ಕು ತಿಂಗಳ ಮಳೆಯ ತೇವಕ್ಕೆ ಅದರ ಸಂಪರ್ಕದ ಅಂಚಿನ ಮೇಲೆ ಕಿಲುಬಿನಂಥ ತೆಳು ಪೊರೆ ಕಟ್ಟುತ್ತದೆ. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಹತ್ತೆಣಿಸುವಷ್ಟು ಹೊತ್ತು ಒತ್ತಿ ಹಿಡಿದು, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ಪಟ್ಟಿಯನ್ನು ತೆಗೆಯಬೇಕು. ಹೊಂಬಣ್ಣದ ಅಂಚನ್ನು ಮಕ್ಕಳ ಬಿಳಿಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರಸಿ, ಎರಡು ಕಡೆಯ ಕೊಕ್ಕೆಗಳೂ ಟಕ್ಕೆನ್ನುವಂತೆ ಕೂರಿಸಬೇಕು. ಪಟ್ಟಿಗಳು ಎರಡಿದ್ದರೆ ಒಂದೊಂದನ್ನೇ ಇಟ್ಟು ನೋಡುವುದು ಲೇಸು.

ಹತ್ತು ನಿಮಿಷ ನಡೆದು ತಾನಾಗಿ ಆರಿಹೋಗುವ ಯಂತ್ರಕ್ಕೆ ಬಹುಮಟ್ಟಿಗೆ ಧೂಳೇ ಕಾರಣ. ಪ್ರೊಸೆಸರಿನ ತಲೆಯ ಮೇಲಿರುವ ಲೋಹದ ರೆಕ್ಕೆಗಳಲ್ಲಿ ಧೂಳು ಕಂಬಳಿಯಂತೆ ಕೂತು, ಕೆಳಗಿನ ಲೇಪ ಒಣಗಿ, ಶಾಖ ಹೊರಗೆ ಹೋಗದು. ಮಿತಿ ಮೀರಿದಾಗ ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳಲು ಆರುತ್ತದೆ. ಮೃದುವಾದ ಕುಂಚದಿಂದ ಗುಡಿಸಬಹುದು, ಪಂಖ ತಿರುಗದಂತೆ ಬೆರಳು ಹಿಡಿದಿರಬೇಕು. ಆದರೆ ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಸಂದೇಹವಿದ್ದರೆ ಇಡೀ ಪೆಟ್ಟಿಗೆಯನ್ನೇ ಬದಲಾಯಿಸುವುದು.

ಇನ್ನು ಬಟನ್ ಬ್ಯಾಟರಿ. ಇದರ ವಿಷಯವಾಗಿ ತುಸು ವಿಸ್ತಾರವಾಗಿಯೇ ಹೇಳಬೇಕು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥದೊಂದು ಇರುತ್ತದೆ: ಸಿ.ಆರ್. ೨೦೩೨. ಎಂದರೆ ೨೦ ಮಿಲಿಮೀಟರ್ ಅಗಲ, ೩.೨ ಮಿಲಿಮೀಟರ್ ದಪ್ಪ. ಬಲ ೩ ವೋಲ್ಟು. ಯಂತ್ರ ಮಲಗಿರುವಾಗ ಗಡಿಯಾರವನ್ನು ನಡೆಸುವುದು ಇದೇ. ಹಳೆಯ ಯಂತ್ರಗಳಲ್ಲಿ ಬಯಾಸಿನ ಏರ್ಪಾಡುಗಳನ್ನು ನೆನಪಿನಲ್ಲಿಡುವುದೂ ಇದೇ. ಇದು ಸೊರಗಿತೆಂದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಅಂತರಜಾಲದ ತಾಣಗಳೆಲ್ಲ ಭದ್ರವಲ್ಲವೆಂದು ಬ್ರೌಸರ್ ಬೊಬ್ಬೆ ಹಾಕುತ್ತದೆ. ತಾಣಗಳ ಪ್ರಮಾಣಪತ್ರಕ್ಕೆ ಅವಧಿಯುಂಟಷ್ಟೆ. ಹಿಂದಿನ ತಾರೀಖಿಗೆ ಅದು ಇನ್ನೂ ಹುಟ್ಟಿಯೇ ಇಲ್ಲವೆಂದು ಯಂತ್ರದ ಲೆಕ್ಕ.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರು ಒಂದು ಯಂತ್ರವನ್ನು ಹೊತ್ತು ತಂದರು. ಅವರ ತೀರ್ಥರೂಪರು ಉಡುಪಿಯ ಕಡೆಯಿಂದ ಬಾಲಕರಾಗಿ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಕಣ್ಣು ಮುಚ್ಚುವ ಮುನ್ನ ಆ ಕಥೆಯನ್ನೆಲ್ಲ ನುಡಿ ಲಿಪಿಯಲ್ಲಿ ನಲವತ್ತು ಪುಟ ತಾವೇ ಬೆರಳಚ್ಚಿಸಿದ್ದರು. ಬೇರೆ ಪ್ರತಿಯಿರಲಿಲ್ಲ. ವಿಂಡೋಸ್ ೭ರ ಯಂತ್ರ. ಹೊತ್ತಿಸಿದರೆ ನೀಲಿ ಪರದೆ, ಸೊನ್ನೆಗಳ ಸಾಲಿನ ಕೊನೆಗೆ ೭ಬಿ ಎಂಬ ಸಂಕೇತ. ಅಂಗಡಿಯೊಂದರಲ್ಲಿ ಡಿಸ್ಕು ಹೋಯಿತು, ಹೊಸದು ಹಾಕೋಣ ಎಂದಿದ್ದರಂತೆ. ಈ ಸಂಕೇತದ ಅರ್ಥ ಡಿಸ್ಕು ಸತ್ತಿತೆಂದಲ್ಲ, ಡಿಸ್ಕಿನೊಡನೆ ಮಾತು ಹತ್ತಲಿಲ್ಲವೆಂದು. ಬಯಾಸನ್ನು ತೆರೆದು ನೋಡಿದರೆ ತಾರೀಖು ಎಷ್ಟೋ ವರ್ಷ ಹಿಂದೆ. ಡಿಸ್ಕಿನ ರೀತಿ ಎ.ಎಚ್.ಸಿ.ಐ. ಇರಬೇಕಾದ ಕಡೆ ಐ.ಡಿ.ಇ. ಬ್ಯಾಟರಿ ಬರಿದಾದ ಮೇಲೆ ಮನೆಯವರು ಗೋಡೆಯ ಸ್ವಿಚ್ಚನ್ನು ಆರಿಸಿದಾಗ ಬಯಾಸ್ ಎಲ್ಲವನ್ನೂ ಮರೆತು ಹುಟ್ಟುಗುಣಕ್ಕೆ ಮರಳಿತ್ತು. ವಿಂಡೋಸ್ ಏಳುವ ಹೊತ್ತಿಗೆ ಬೇಕಾದ ದುಭಾಷಿ ಸಿದ್ಧನಿರಲಿಲ್ಲ. ಕೆಲವೇ ರೂಪಾಯಿಯ ಹೊಸ ಬ್ಯಾಟರಿ ಹಾಕಿ, ರೀತಿಯನ್ನು ಮೊದಲಿನಂತೆ ಎ.ಎಚ್.ಸಿ.ಐ. ಮಾಡಿ, ತಾರೀಖು ತಿದ್ದಿದೆವು. ಯಂತ್ರ ಎದ್ದಿತು. ಸದಸ್ಯರು ಅಲ್ಲೇ ನಿಂತು ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. ನಾವು ಯಾರೂ ನಡುವೆ ಮಾತಾಡಲಿಲ್ಲ.

ಬ್ಯಾಟರಿ ಬದಲಿಸಿದವರು ಹಳೆಯದನ್ನು ಮೇಜಿನ ಮೇಲೆ ಬಿಡಬಾರದು. ಎಳೆಯ ಮಕ್ಕಳು ನುಂಗಿದರೆ ಗಂಟಲನ್ನೇ ಸುಡುವಂಥ ವಸ್ತುವದು. ಕೂಡಲೆ ಆಸ್ಪತ್ರೆಗೆ ಓಡಬೇಕಾಗುತ್ತದೆ.

ಮಾತಿನ ಬೇನೆಗೆ ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯೇ ನಾಡಿ. ಯಾವ ಭಾಗದ ಮುಂದೆ ಹಳದಿ ತ್ರಿಕೋನದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕಾಣುವುದೋ ಅಲ್ಲಿ ತೊಡಕು. ಸಂಕೇತ ೨೮ ಎಂದಿದ್ದರೆ ಡ್ರೈವರೇ ಇಲ್ಲ; ೧೦ ಎಂದಿದ್ದರೆ ಆ ಭಾಗ ಕೆಲಸ ಪ್ರಾರಂಭಿಸಲಾರದೆ ಕೂತಿದೆ. ಹೆಸರೇ ತಿಳಿಯದ ಭಾಗವಾದರೆ ವಿವರಗಳ ಪುಟದಲ್ಲಿ ಹಾರ್ಡ್‌ವೇರ್ ಐಡಿಯನ್ನು ನೋಡಬೇಕು. ವೆನ್ ಎಂಬುದರ ಮುಂದಿನ ನಾಲ್ಕು ಅಕ್ಷರಗಳು ತಯಾರಕರ ಗೋತ್ರ, ಡೆವ್ ಎಂಬುದರ ಮುಂದಿನವು ಭಾಗದ ಹೆಸರು. ಗೋತ್ರ ೮೦೮೬ ಆದರೆ ಇಂಟೆಲ್. ೧೯೭೮ರಲ್ಲಿ ಹೊರಬಂದ ಅವರ ಹೆಸರಾಂತ ಚಿಪ್ಪಿನ ಸಂಖ್ಯೆಯೂ ಇದೇ. ೧೦ಇಸಿ ಆದರೆ ರಿಯಲ್‌ಟೆಕ್. ಶಬ್ದದ ಭಾಗವೋ ಜಾಲದ ಭಾಗವೋ ಇರಬಹುದು. ಗೋತ್ರ ತಿಳಿದ ಮೇಲೆ ತಯಾರಕರ ತಾಣದಿಂದಲೇ ಡ್ರೈವರನ್ನು ತರಬೇಕು. ನಿಮ್ಮ ಡ್ರೈವರುಗಳೆಲ್ಲ ಹಳತಾದವು, ಒಂದೇ ಏಟಿಗೆ ಸರಿಪಡಿಸುತ್ತೇವೆ ಎಂದು ಕೂಗುವ ತಂತ್ರಾಂಶಗಳನ್ನು ಬಾಗಿಲಲ್ಲೇ ತಡೆಯುವುದು ಕ್ಷೇಮ. ಜಾಲದ ಡ್ರೈವರೇ ಇಲ್ಲದಿದ್ದರೆ ಪಕ್ಕದ ಮನೆಯ ಯಂತ್ರದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದರಾಯಿತು. ನಿನ್ನೆಯವರೆಗೆ ಸರಿಯಿದ್ದು ಹೊಸ ಡ್ರೈವರ್ ಬಂದ ಮೇಲೆ ಕೆಟ್ಟಿದ್ದರೆ, ರೋಲ್ ಬ್ಯಾಕ್ ಒತ್ತಿದಲ್ಲಿ ಹಳೆಯದು ಮರಳುತ್ತದೆ.

ಒಡಲೋ ಮಾತೋ ಎಂದು ಏನು ಮಾಡಿದರೂ ತೀರ್ಮಾನವಾಗದಾಗ ನಾವು ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸುತ್ತೇವೆ. ಡಿಸ್ಕಿನ ಮೇಲೆ ಏನನ್ನೂ ಸ್ಥಾಪಿಸಬೇಕಾಗಿಲ್ಲ. ವಿಂಡೋಸಿನಲ್ಲಿ ಮೂಕವಾಗಿದ್ದ ಸ್ಪೀಕರ್ ಇಲ್ಲಿ ಹಾಡಿದರೆ ಒಡಲು ಸರಿಯಿದೆ, ದುಭಾಷಿಯದೇ ದೋಷ. ಇಲ್ಲೂ ಹಾಡದಿದ್ದರೆ ಒಡಲಿನ ಮೇಲೆ ಸಂಶಯ ಬಲವಾಯಿತೇ ಹೊರತು ಸಿದ್ಧವಾಗಲಿಲ್ಲ. ಕೆಲವು ವೈಫೈ ಭಾಗಗಳು ಲಿನಕ್ಸಿನಲ್ಲೂ ಬೇರೆ ಕಡತವನ್ನು ಬೇಡುತ್ತವೆ. ಏಳಲಾರದ ವಿಂಡೋಸಿನ ಒಡಲಿನಿಂದ ಕಾಗದಪತ್ರಗಳನ್ನು ನಕಲು ಮಾಡಿಕೊಳ್ಳುವುದಕ್ಕೂ ಇದೇ ದಾರಿ. ಡಿಸ್ಕು ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ ಮಾತ್ರ ಮತ್ತೆಮತ್ತೆ ಹೊತ್ತಿಸಬೇಡಿ. ಆರಿಸಿ, ತಿಳಿದವರ ಕೈಗೆ ಕೊಡಿ.

ಕಡತ ಕೈಗೆ ಬಂದ ಮೇಲೂ ಒಂದು ತೊಡಕುಂಟು. ಆ ನಲವತ್ತು ಪುಟಗಳನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಡತ ಕೆಟ್ಟಿರಲಿಲ್ಲ. ಹಳೆಯ ನುಡಿಯ ಫಾಂಟುಗಳು ಇಂಗ್ಲಿಷಿನ ಸ್ಥಾನಗಳಲ್ಲೇ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಫಾಂಟನ್ನು ಹಾಕಿದರೆ ಓದಲು ಬರುತ್ತದೆ, ಆದರೆ ಯೂನಿಕೋಡಿಗೆ ಪರಿವರ್ತಿಸಿದರೆ ಮೊಮ್ಮಕ್ಕಳ ಫೋನಿನಲ್ಲೂ ತೆರೆಯುತ್ತದೆ. ಪರಿವರ್ತಕಗಳು ಅರ್ಕಾವೊತ್ತಿನಲ್ಲಿ, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುವುದರಿಂದ ಮೂಲದೊಡನೆ ಹೋಲಿಸಿ ತಿದ್ದಲು ಕನ್ನಡ ಬಲ್ಲ ಕಣ್ಣೊಂದು ಬೇಕು. ಈಗ ಆ ಪುಟಗಳ ಕರಡನ್ನು ಸಂಘದ ಇಬ್ಬರು ಹಿರಿಯ ಮಹಿಳೆಯರು ತಿದ್ದುತ್ತಿದ್ದಾರೆ. ಹದಿನೇಳನೆಯ ಪುಟದವರೆಗೆ ಬಂದಿದೆ.

ಹಿಂದಿನ ಕೋಣೆಯಲ್ಲಿ ಯಂತ್ರವೊಂದನ್ನು ಬಿಚ್ಚಿಟ್ಟಿದ್ದೇವೆ. ಫಲಾಹಾರ ಮುಗಿಸಿ ಬಂದವರಿಗೆ ರ‍್ಯಾಮ್ ಪಟ್ಟಿಯನ್ನು ತೆಗೆದು ಕೂರಿಸುವುದನ್ನು ತೋರಿಸುತ್ತೇವೆ. ಕೈ ಒದ್ದೆಯಿರದಂತೆ ಒರಸಿಕೊಂಡು ಬರಬೇಕೆಂದು ಪ್ರಾರ್ಥನೆ.