ಹಳೆಯ ಗಣಕಯಂತ್ರಕ್ಕೆ ಹೊರಗಿನವರ ತೇಪೆ: ಗ್ರಾಮ ಪಂಚಾಯತಿ ವಹಿಸಬೇಕಾದ ಎಚ್ಚರ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಾಠ)



2017ರ ಮೇ 15, ಸೋಮವಾರ. ನೆರೆಯ ಕೇರಳದ ವಯನಾಡು ಜಿಲ್ಲೆಯ ತರಿಯೋಡು ಮತ್ತು ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಗ್ರಾಮ ಪಂಚಾಯತಿಗಳ ಗಣಕಯಂತ್ರಗಳಿಗೆ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ತಗುಲಿರುವುದು ಬೆಳಕಿಗೆ ಬಂತು. ಈ ತಂತ್ರಾಂಶವು ಯಂತ್ರದಲ್ಲಿರುವ ಕಡತಗಳಿಗೆ ಬೀಗ ಹಾಕಿ, ಬೀಗ ತೆರೆಯಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೊಡಬೇಕೆಂದು ಪರದೆಯ ಮೇಲೆ ಬೇಡಿಕೆ ಇಡುತ್ತಿತ್ತು. ಮೂರು ದಿನ ಕಳೆದರೆ ಮೊತ್ತ ಇಮ್ಮಡಿಯಾಗುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನು ತತ್ತರಿಸುವಂತೆ ಮಾಡಿದ ದಾಳಿಯೇ ಮೂರು ದಿನಗಳೊಳಗೆ ಗ್ರಾಮ ಪಂಚಾಯತಿಯ ಮೇಜಿನವರೆಗೂ ಬಂದಿತ್ತು.

ಈ ದಾಳಿಗೆ ಮದ್ದು ಮೊದಲೇ ಸಿದ್ಧವಿತ್ತೆಂಬುದು ಗಮನಾರ್ಹ. ವಿಂಡೋಸ್‌ನಲ್ಲಿ ಕಡತ ಹಂಚಿಕೊಳ್ಳುವ ಭಾಗದಲ್ಲಿದ್ದ ದೋಷವನ್ನು ಸರಿಪಡಿಸುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷದ ಮಾರ್ಚ್ 14ರಂದು ಬಿಡುಗಡೆ ಮಾಡಿತ್ತು. ದಾಳಿ ಆರಂಭವಾದದ್ದು ಮೇ 12ರಂದು. ನಡುವೆ 59 ದಿನಗಳ ಅವಕಾಶವಿತ್ತು. ಆದರೆ 2014ರ ಏಪ್ರಿಲ್ 8ರಂದೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿ ಬಳಕೆದಾರರಿಗೆ ಸಾರ್ವಜನಿಕವಾಗಿ ತೇಪೆ ದೊರೆತದ್ದು ದಾಳಿ ನಡೆದ ಮೇಲೆಯೇ.

ಕೆರೆಯ ಏರಿಯಲ್ಲಿ ಸಣ್ಣ ಬಿಲ ಕಂಡಾಗ ಅದನ್ನು ಮುಚ್ಚಿಸುವುದು ಎಷ್ಟು ಅಗತ್ಯವೋ, ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶದಲ್ಲಿ ಕಂಡುಬರುವ ದೋಷಗಳನ್ನು ಕಾಲಕಾಲಕ್ಕೆ ಮುಚ್ಚುವುದೂ ಅಷ್ಟೇ ಅಗತ್ಯ. ಇದರಲ್ಲಿ ಎರಡು ಮಾತಿಲ್ಲ. ಆದರೆ ಮುಚ್ಚುವವರು ಯಾರು, ಅವರು ತುಂಬುತ್ತಿರುವ ಮಣ್ಣು ಎಂತಹುದು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಈ ಉಪನ್ಯಾಸದ ವಿಷಯ ಅದೇ.

ಅಪ್‌ಡೇಟ್ ಪ್ಯಾಕ್‌ಗಳು ಹುಟ್ಟಿದ ಬಗೆ

ವಿಂಡೋಸ್ 7 ಮಾರುಕಟ್ಟೆಗೆ ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಅದರ ಮೊದಲ ಸರ್ವಿಸ್ ಪ್ಯಾಕ್ 2011ರಲ್ಲಿ ಬಂತು. ಎರಡನೆಯದು ಬರಲೇ ಇಲ್ಲ. ಬಿಡಿಬಿಡಿ ತೇಪೆಗಳ ಸಂಖ್ಯೆ ಮಾತ್ರ ನೂರಾರು ಆಯಿತು. ಹಳೆಯ ಡಿ.ವಿ.ಡಿ.ಯಿಂದ ವಿಂಡೋಸ್ ಅನ್ನು ಮರುಸ್ಥಾಪಿಸಿದವರು ಎಲ್ಲ ತೇಪೆಗಳನ್ನು ಇಳಿಸಿಕೊಳ್ಳಲು ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಅಂತರಜಾಲ ನಿಧಾನವಿರುವ ಊರುಗಳಲ್ಲಿ ಇದು ದಿನಗಳ ಕೆಲಸ. ತಯಾರಕ ಸಂಸ್ಥೆಯೇ 2016ರಲ್ಲಿ ಹಲವು ವರ್ಷಗಳ ತೇಪೆಗಳನ್ನು ಒಂದೇ ಕಟ್ಟಾಗಿ ಕೊಟ್ಟಿತಾದರೂ ಅಷ್ಟರಲ್ಲಿ ಹೊರಗಿನವರು ಸಿದ್ಧಪಡಿಸಿದ ಅಪ್‌ಡೇಟ್ ಪ್ಯಾಕ್‌ಗಳು ಬಳಕೆಗೆ ಬಂದಿದ್ದವು. ಒಂದು ಪೆನ್ ಡ್ರೈವ್, ಒಂದು ಕ್ಲಿಕ್, ಒಂದು ಗಂಟೆಯೊಳಗೆ ಕೆಲಸ ಮುಗಿಯಿತು ಎಂಬುದೇ ಅವುಗಳ ಆಕರ್ಷಣೆ.

2020ರ ಜನವರಿ 14ರಂದು ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರ ಬೆಂಬಲ ನಿಂತಿತು. ಹಣ ಪಾವತಿಸಿದ ಸಂಸ್ಥೆಗಳಿಗೆ ಮಾತ್ರ 2023ರ ಜನವರಿಯವರೆಗೆ ಭದ್ರತಾ ತೇಪೆಗಳು ದೊರೆತವು. ಆ ಬಳಿಕ ಇಂತಹ ಪ್ಯಾಕ್‌ಗಳ ಸೆಳೆತ ಇನ್ನಷ್ಟು ಹೆಚ್ಚಿತು.

ಮೂರು ಬಗೆಯ ಪ್ಯಾಕ್‌ಗಳು

ಎಲ್ಲ ಪ್ಯಾಕ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಮೊದಲನೆಯ ಬಗೆಯದು ತಯಾರಕರ ತೇಪೆಗಳನ್ನೇ ತಯಾರಕರ ಸರ್ವರ್‌ನಿಂದ ತಂದು ಒಂದೆಡೆ ಜೋಡಿಸಿಕೊಡುತ್ತದೆ. ಜರ್ಮನಿಯಲ್ಲಿ ರೂಪುಗೊಂಡ ‘ಡಬ್ಲ್ಯುಎಸ್‌ಯುಎಸ್ ಆಫ್‌ಲೈನ್ ಅಪ್‌ಡೇಟ್’ ಇದಕ್ಕೆ ಉದಾಹರಣೆ. ‘ಆಟೋಪ್ಯಾಚರ್’ ಎಂಬ ಇನ್ನೊಂದು ಸಾಧನವು ಮೊದಲು ತೇಪೆಗಳನ್ನು ತಾನೇ ಹಂಚುತ್ತಿತ್ತು. 2007ರಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಲು ಸೂಚಿಸಿತು. ನಂತರ ಅದು ಕಡತಗಳನ್ನು ಮೂಲ ಸರ್ವರ್‌ನಿಂದಲೇ ಪಡೆಯುವ ರೀತಿಗೆ ಬದಲಾಯಿತು. ಈ ಬಗೆಯಲ್ಲಿ ತೇಪೆಯ ಮೇಲಿರುವ ತಯಾರಕರ ಡಿಜಿಟಲ್ ಸಹಿ ಹಾಗೆಯೇ ಉಳಿಯುತ್ತದೆ.

ಎರಡನೆಯ ಬಗೆಯಲ್ಲಿ ಬೇರೊಂದು ಸಂಸ್ಥೆ ತನ್ನದೇ ತೇಪೆಗಳನ್ನು ತಯಾರಿಸಿ, ತನ್ನದೇ ಹೆಸರಿನಲ್ಲಿ, ತನ್ನ ಹೊಣೆಯಲ್ಲಿ ನೀಡುತ್ತದೆ. ಸ್ಲೊವೇನಿಯಾ ದೇಶದ ಆಕ್ರೋಸ್ ಸೆಕ್ಯುರಿಟಿ ಸಂಸ್ಥೆಯ ‘ಝೀರೋಪ್ಯಾಚ್’ ಇಂತಹುದು. ಇದು ಡಿಸ್ಕ್‌ನಲ್ಲಿರುವ ಮೂಲ ಕಡತಗಳನ್ನು ಮುಟ್ಟದೆ, ಯಂತ್ರದ ಸ್ಮೃತಿಯಲ್ಲಿ ಮಾತ್ರ ದೋಷವನ್ನು ತಡೆಯುತ್ತದೆ. ಇಲ್ಲಿ ಹೊಣೆಗಾರರು ಯಾರೆಂಬುದು ಗೊತ್ತಿರುತ್ತದೆ.

ಮೂರನೆಯ ಬಗೆಯೇ ಕಳವಳಕಾರಿ. ಗುರುತು ಸಿಗದ ವ್ಯಕ್ತಿಗಳು ಮೂಲ ಕಡತಗಳನ್ನು ಬದಲಿಸಿ, ವಿಂಡೋಸ್ ತಾನೇ ನಡೆಸುವ ಸಹಿ ಪರಿಶೀಲನೆಯನ್ನು ತಪ್ಪಿಸಿ, ಎಲ್ಲವನ್ನೂ ಒಂದೇ ಕಡತವಾಗಿ ಹಂಚುತ್ತಾರೆ. ಅವರಲ್ಲಿ ಸದುದ್ದೇಶದವರೂ ಇದ್ದಾರು. ಆದರೆ ಪ್ಯಾಕ್ ಅನ್ನು ಸ್ಥಾಪಿಸುವಾಗ ಅದಕ್ಕೆ ಯಂತ್ರದ ಸಂಪೂರ್ಣ ಅಧಿಕಾರವನ್ನು ಒಪ್ಪಿಸಬೇಕಾಗುತ್ತದೆ. ಬಹಳ ಸಲ ಆಂಟಿವೈರಸ್ ನಿಲ್ಲಿಸುವಂತೆಯೂ ಸೂಚನೆ ಇರುತ್ತದೆ. ಉದ್ದೇಶ ಕೆಟ್ಟದ್ದಾಗಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಅಲ್ಲದೆ, ಹಣ ಪಾವತಿಸಿದವರಿಗೆ ಮಾತ್ರ ಮೀಸಲಾಗಿದ್ದ ತೇಪೆಗಳನ್ನು ಪರವಾನಗಿ ಇಲ್ಲದೆ ಹಾಕುವ ಪ್ಯಾಕ್‌ಗಳೂ ಇವೆ. ಖಾಸಗಿಯವರು ಏನೇ ಮಾಡಲಿ, ಲೆಕ್ಕಪರಿಶೋಧನೆಗೆ ಒಳಪಡುವ ಕಚೇರಿಗೆ ಇದು ತಕ್ಕುದಲ್ಲ.

ಕೆಲವು ಪ್ಯಾಕ್‌ಗಳೊಂದಿಗೆ ‘ಹ್ಯಾಶ್’ ಎಂಬ ತಾಳೆ ಸಂಖ್ಯೆಯನ್ನು ಪ್ರಕಟಿಸಿರುತ್ತಾರೆ. ಸಂಖ್ಯೆ ತಾಳೆಯಾದರೆ, ಹಂಚಿದವರು ಇಟ್ಟ ಕಡತವೇ ಕೈಗೆ ಬಂದಿದೆ ಎಂದಷ್ಟೇ ಅರ್ಥ. ಹಂಚಿದವರು ಪ್ರಾಮಾಣಿಕರೆಂಬುದಕ್ಕೆ ಅದು ಸಾಕ್ಷಿಯಲ್ಲ. ರಸೀದಿ ಸರಿಯಿದ್ದ ಮಾತ್ರಕ್ಕೆ ಬಿತ್ತನೆ ಬೀಜ ಮೊಳೆಯುವುದೆಂಬ ಖಾತರಿಯಿಲ್ಲ.

ಪಂಚಾಯತಿಗೆ ಇದು ಏಕೆ ಮುಖ್ಯ

ಮನೆಯ ಯಂತ್ರ ಕೆಟ್ಟರೆ ನಷ್ಟ ಒಂದು ಮನೆಯದು. ಪಂಚಾಯತಿಯ ಯಂತ್ರದಲ್ಲಿ ಇಡೀ ಊರಿನ ಆಸ್ತಿ, ತೆರಿಗೆ, ಫಲಾನುಭವಿಗಳ ವಿವರಗಳಿರುತ್ತವೆ. ಇ-ಸ್ವತ್ತು ತಂತ್ರಾಂಶದ ನಮೂನೆಗಳಿಗೆ ಡಿಜಿಟಲ್ ಸಹಿ ಬೀಳುವುದೂ, ಹಣ ಪಾವತಿಗೆ ಅನುಮೋದನೆ ದೊರೆಯುವುದೂ ಇಂತಹ ಯಂತ್ರಗಳ ಮೂಲಕವೇ. ಒಳಗೆ ಸೇರಿದ ಕುತಂತ್ರಾಂಶವು ಕೀಲಿಮಣೆಯಲ್ಲಿ ಒತ್ತಿದ ಪಿನ್ ಸಂಖ್ಯೆಯನ್ನು ಕದ್ದು ನೋಡಬಲ್ಲದು. ಸಹಿಯ ಟೋಕನ್ ಯಂತ್ರಕ್ಕೆ ಸಿಕ್ಕಿಸಿಯೇ ಇದ್ದರೆ ಅದನ್ನು ದುರುಪಯೋಗ ಮಾಡಬಲ್ಲದು. ಆಗ ಕಾಗದದ ಮೇಲೆ ಹೊಣೆಗಾರರಾಗುವವರು ಸಹಿ ಯಾರ ಹೆಸರಿನಲ್ಲಿದೆಯೋ ಅವರು.

ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ವಿಂಡೋಸ್‌ಗೆ ಎಷ್ಟೇ ತೇಪೆ ಹಾಕಿದರೂ ಅದರ ಮೇಲೆ ನಡೆಯುವ ಇತರ ತಂತ್ರಾಂಶಗಳು ಹಳೆಯವಾಗಿಯೇ ಉಳಿಯುತ್ತವೆ. ಗೂಗಲ್ ಕ್ರೋಮ್ ಬ್ರೌಸರ್ 109ನೇ ಆವೃತ್ತಿಯ ನಂತರ, ಅಂದರೆ 2023ರಿಂದ, ವಿಂಡೋಸ್ 7ರಲ್ಲಿ ಹೊಸದಾಗಿ ಬರುತ್ತಿಲ್ಲ. ಹೀಗಾಗಿ ಪ್ಯಾಕ್ ಎಂಬುದು ಯಂತ್ರದ ಆಯುಷ್ಯವನ್ನು ಸ್ವಲ್ಪ ಕಾಲ ಎಳೆಯಬಹುದೇ ಹೊರತು ಯಂತ್ರವನ್ನು ಹೊಸದಾಗಿಸದು.

ಈ ಪ್ರಶ್ನೆ ಹಳೆಯ ಕಾಲದ್ದೆಂದು ಬದಿಗಿಡುವಂತಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ವಿಂಡೋಸ್ 11 ಸ್ಥಾಪಿಸಲು ಟಿಪಿಎಂ 2.0 ಎಂಬ ಭದ್ರತಾ ಭಾಗ ಹಾಗೂ ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಚೆನ್ನಾಗಿಯೇ ನಡೆಯುತ್ತಿರುವ ಅನೇಕ ಯಂತ್ರಗಳಲ್ಲಿ ಅವು ಇಲ್ಲ. ಅಂತಹ ಕಚೇರಿಗಳಿಗೆ ಪೆನ್ ಡ್ರೈವ್ ಹಿಡಿದು ಬರುವವರಿಗೆ ಕೊರತೆಯಾಗದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಪ್ರತಿ ಯಂತ್ರದಲ್ಲಿ ಯಾವ ವಿಂಡೋಸ್ ಇದೆ ಎಂಬುದನ್ನು ದಾಸ್ತಾನು ವಹಿಯಲ್ಲಿ ನಮೂದಿಸಲು ಸೂಚಿಸಬೇಕು. ವಿಂಡೋಸ್ ಕೀಲಿಯೊಂದಿಗೆ ‘ಆರ್’ ಒತ್ತಿ, ‘ವಿನ್‌ವರ್’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದರೆ ಆವೃತ್ತಿ ತಿಳಿಯುತ್ತದೆ.

2. ಬೆಂಬಲ ಮುಗಿದ ಯಂತ್ರದಲ್ಲಿ ಡಿಜಿಟಲ್ ಸಹಿ ಹಾಗೂ ಹಣ ಪಾವತಿಯ ಕೆಲಸ ನಡೆಯಬಾರದು. ಬದಲಿ ಯಂತ್ರ ಕೊಳ್ಳುವುದಿದ್ದರೆ ಮೊದಲು ಈ ಕೆಲಸದ ಯಂತ್ರವನ್ನೇ ಬದಲಿಸಬೇಕು.

3. ಹಳೆಯ ಮುದ್ರಕ ಅಥವಾ ಹಳೆಯ ಕಡತಗಳಿಗಾಗಿ ಒಂದು ಯಂತ್ರವನ್ನು ಉಳಿಸಿಕೊಳ್ಳಲೇಬೇಕಾದರೆ ಅದನ್ನು ಅಂತರಜಾಲದಿಂದಲೂ ಕಚೇರಿಯ ಜಾಲದಿಂದಲೂ ಬೇರ್ಪಡಿಸಬೇಕು. ಬರವಣಿಗೆಯ ಕೆಲಸಕ್ಕಷ್ಟೇ ಬೇಕಾದ ಯಂತ್ರಕ್ಕೆ ಸಿ-ಡ್ಯಾಕ್ ರೂಪಿಸಿದ ‘ಬಾಸ್’ ಲಿನಕ್ಸ್‌ನಂತಹ ಮುಕ್ತ ತಂತ್ರಾಂಶವನ್ನು ಪರಿಶೀಲಿಸಬಹುದು.

4. ಯಾವುದೇ ಪ್ಯಾಕ್ ಹಾಕುವ ಮುನ್ನ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಬೇಕು: ತಯಾರಿಸಿದವರು ಯಾರು? ಒಳಗಿರುವ ತೇಪೆಗಳಿಗೆ ಮೂಲ ತಯಾರಕರ ಸಹಿ ಇದೆಯೇ? ಹಾನಿಯಾದರೆ ಹೊಣೆ ಯಾರದು? ಒಂದಕ್ಕೆ ಉತ್ತರ ಸಿಗದಿದ್ದರೂ ಪ್ಯಾಕ್ ಬೇಡ.

5. ಕಡತಗಳ ಪ್ರತಿಯನ್ನು ವಾರಕ್ಕೊಮ್ಮೆ ಪ್ರತ್ಯೇಕ ಹಾರ್ಡ್ ಡಿಸ್ಕ್‌ಗೆ ನಕಲಿಸಿ, ಡಿಸ್ಕ್ ಅನ್ನು ಯಂತ್ರದಿಂದ ಕಳಚಿ ಬೀರುವಿನಲ್ಲಿಡಬೇಕು. ಸಹಿಯ ಟೋಕನ್ ಅನ್ನೂ ಕೆಲಸ ಮುಗಿದೊಡನೆ ತೆಗೆದಿಡಬೇಕು.

6. ದಾಳಿ ನಡೆದಲ್ಲಿ ಮೊದಲು ಜಾಲದ ತಂತಿಯನ್ನು ಕಳಚಬೇಕು. ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು. ಹಣ ಹೋಗಿದ್ದರೆ 1930 ಸಹಾಯವಾಣಿಗೆ ತಕ್ಷಣ ಕರೆ ಮಾಡಬೇಕು.

ಗಣಕಯಂತ್ರ ನಿರ್ವಾಹಕರು ಪ್ಯಾಕ್ ಹಾಕಿಸುವುದು ಬಹುಮಟ್ಟಿಗೆ ಸೋಮಾರಿತನದಿಂದಲ್ಲ. ಹೊಸ ಯಂತ್ರ ಕೇಳಿ ಕೇಳಿ ಸೋತ ಮೇಲೆ, ಕೆಲಸ ನಿಲ್ಲಬಾರದೆಂಬ ಕಾಳಜಿಯಿಂದ. ಆದ್ದರಿಂದ ಅವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಈ ವಿಷಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರಬೇಕು, ಚರ್ಚೆಯಾಗಬೇಕು, ತೀರ್ಮಾನ ನಡಾವಳಿಯಲ್ಲಿ ದಾಖಲಾಗಬೇಕು, ಅಗತ್ಯ ಮೊತ್ತಕ್ಕೆ ಆಯವ್ಯಯದಲ್ಲಿ ಅವಕಾಶ ಕಲ್ಪಿಸಬೇಕು. ಊರಿನ ದಾಖಲೆಗಳ ಭದ್ರತೆಯನ್ನು ಅಪರಿಚಿತರ ಒಂದು ಕ್ಲಿಕ್ಕಿಗೆ ಬಿಟ್ಟುಕೊಡದಿರುವುದು ಚುನಾಯಿತ ಸದಸ್ಯರ ಕೈಯಲ್ಲಿದೆ.