ಹಳೆಯ ಕಾಗದ, ಒಂದು ಹಿಡಿ ಮೆಂತ್ಯ

ಬೇಸಗೆಯ ರಜ ಬಂದು ನಾಲ್ಕು ದಿನ ಕಳೆಯುವಷ್ಟರಲ್ಲಿ ಮನೆಮನೆಯಲ್ಲಿಯೂ ಏಳುವ ಪ್ರಶ್ನೆ ಒಂದೇ: "ಅಮ್ಮಾ, ಈಗ ಏನು ಮಾಡಲಿ?" ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಎರಡು ಸಲ, ಸಂಜೆಯ ಹೊತ್ತಿಗೆ ಲೆಕ್ಕವಿಲ್ಲದಷ್ಟು ಸಲ. ಒಲೆಯ ಮುಂದೆ ನಿಂತ ತಾಯಿಗೆ ಉತ್ತರ ಹುಡುಕುವ ಪುರುಸೊತ್ತಾದರೂ ಎಲ್ಲಿ? "ಹೋಗು, ಎಲ್ಲಾದರೂ ಆಡಿಕೊ" ಎನ್ನುತ್ತಾಳೆ. ಇಲ್ಲವೆ ಅಂಗಡಿಯಿಂದ ಒಂದು ಆಟದ ಸಾಮಾನು ತರಿಸಿಕೊಡುತ್ತಾಳೆ. ಅದು ಮೂರು ದಿನ ಓಡುತ್ತದೆ, ನಾಲ್ಕನೆಯ ದಿನ ಮಂಚದ ಕೆಳಗೆ ಸೇರುತ್ತದೆ. ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಇವತ್ತು ನಾನು ಹೇಳಹೊರಟಿರುವುದು ಆ ಪ್ರಶ್ನೆಗೆ ಮನೆಯಲ್ಲಿಯೇ ಬಿದ್ದಿರುವ ಉತ್ತರಗಳನ್ನು. ಇದಕ್ಕಾಗಿ ಪೇಟೆಗೆ ಹೋಗಬೇಕಾಗಿಲ್ಲ. ಖಾಲಿಯಾದ ಬೆಂಕಿಪೊಟ್ಟಣ, ಹಳೆಯ ಕೋಟಿನಿಂದ ಕಿತ್ತ ಗುಂಡಿ, ಹೊಲಿಗೆಯ ದಾರ, ರದ್ದಿಗೆಂದು ಕಟ್ಟಿಟ್ಟ ವೃತ್ತಪತ್ರಿಕೆ, ಅಡಿಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯ, ಇಷ್ಟಿದ್ದರೆ ಆಯಿತು. ಆದರೆ ಒಂದು ಕಟ್ಟುಪಾಡು ಉಂಟು. ಅದನ್ನು ಪಾಲಿಸುವುದು ಮಕ್ಕಳಿಗಿಂತ ದೊಡ್ಡವರಿಗೇ ಕಷ್ಟ. ಅದೇನೆಂಬುದನ್ನು ಆಮೇಲೆ ಹೇಳುತ್ತೇನೆ.

ಎಲ್ಲಕ್ಕಿಂತ ಸುಲಭವಾದದ್ದರಿಂದ ಆರಂಭಿಸೋಣ. ದೊಡ್ಡ ಗುಂಡಿಯೊಂದನ್ನು ಹುಡುಕಿ. ಗಟ್ಟಿ ದಾರವನ್ನು ಒಂದು ಮಾರಿನಷ್ಟು ಅಳೆದು, ಎದುರುಬದುರಿನ ಎರಡು ತೂತುಗಳಲ್ಲಿ ಪೋಣಿಸಿ, ತುದಿಗಳನ್ನು ಸೇರಿಸಿ ಗಂಟುಹಾಕಿ. ದಾರ ಈಗ ಉದ್ದನೆಯ ಕುಣಿಕೆಯಾಯಿತು. ಅದರ ಎರಡು ಕೊನೆಗಳನ್ನು ಎರಡು ಕೈಯ ಬೆರಳುಗಳಿಗೆ ಸಿಕ್ಕಿಸಿಕೊಂಡು, ಗುಂಡಿಯನ್ನು ನಡುವಿಗೆ ತಂದು, ದಾರ ಹುರಿಗೊಳ್ಳುವಂತೆ ಇಪ್ಪತ್ತು ಮೂವತ್ತು ಸುತ್ತು ತಿರುವಿ. ಆಮೇಲೆ ಎಳೆಯಿರಿ, ಸಡಿಲಿಸಿ, ಎಳೆಯಿರಿ, ಸಡಿಲಿಸಿ. ಗುಂಡಿ ದುಂಬಿಯಂತೆ ಭೊಂಯ್ ಎನ್ನುತ್ತ ತಿರುಗುತ್ತದೆ. ಸಡಿಲಿಸುವ ಗಳಿಗೆಯನ್ನು ಹಿಡಿಯುವುದರಲ್ಲಿಯೇ ಇದರ ಗುಟ್ಟೆಲ್ಲ ಇದೆ. ಎಳೆದಾಗ ಬಿಚ್ಚಿಕೊಂಡ ಹುರಿ, ಗುಂಡಿಯ ಓಟದ ಬಲದಿಂದಲೇ ಎದುರು ದಿಕ್ಕಿಗೆ ಮತ್ತೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಳ್ಳಲು ನಾವು ಎಡೆಕೊಡಬೇಕು, ಅಷ್ಟೆ. ಐದಾರು ವರ್ಷದ ಮಗುವಿಗೆ ಇದು ಮೊದಲ ಸಲಕ್ಕೆ ಬರುವುದಿಲ್ಲ. ಹತ್ತನೆಯ ಸಲಕ್ಕೋ ಹನ್ನೆರಡನೆಯ ಸಲಕ್ಕೋ ಬರುತ್ತದೆ. ಆಗ ಅದರ ಮುಖ ನೋಡಬೇಕು! ತಂಗಿಯ ಜಡೆಯ ಹತ್ತಿರ ಮಾತ್ರ ಇದನ್ನು ಆಡಲು ಬಿಡಬೇಡಿ. ಕೂದಲು ಸಿಕ್ಕಿಕೊಂಡರೆ ಕತ್ತರಿಯೇ ಗತಿ.

ಇನ್ನು ಬೆಂಕಿಪೊಟ್ಟಣದ ಟೆಲಿಫೋನು. ಇದನ್ನು ನಿಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಮಾಡಿಯೇ ಇರುತ್ತೀರಿ. ಎರಡು ಪೊಟ್ಟಣಗಳ ಒಳಗಿನ ತಟ್ಟೆಗಳನ್ನು ಮಾತ್ರ ತೆಗೆದುಕೊಂಡು, ತಳದ ನಡುವೆ ಸೂಜಿಯಿಂದ ಚುಚ್ಚಿ, ಎಂಟು ಹತ್ತು ಮಾರು ದಾರದ ಒಂದೊಂದು ತುದಿಯನ್ನು ಒಂದೊಂದರಲ್ಲಿ ತೂರಿಸಿ, ಒಳಗಡೆ ಕಡ್ಡಿಯ ಚೂರಿಗೆ ಕಟ್ಟಿದರೆ ಮುಗಿಯಿತು. ಕಾಗದದ ಲೋಟಗಳು ಮನೆಯಲ್ಲಿದ್ದರೆ ಮಾತು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ದಾರ ಬಿಗಿಯಾಗಿರಬೇಕು, ಬಾಗಿಲ ಚೌಕಟ್ಟಿಗೆ ತಗುಲಬಾರದು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಡಿ. ಜೋಲುಬಿದ್ದ ದಾರದಲ್ಲಿ ಮಾತು ಹೋಗದೆ ಇದ್ದಾಗ ಅವರೇ ಹಿಂದಕ್ಕೆ ಸರಿದು ಬಿಗಿಮಾಡಿಕೊಳ್ಳುತ್ತಾರೆ. ಮೂರನೆಯ ಮಗು ತುಂಟತನಕ್ಕೆ ದಾರವನ್ನು ನಡುವೆ ಚಿವುಟಿ ಹಿಡಿಯುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಶಬ್ದವೆಂದರೆ ನಡುಕ ಎಂಬ ಪಾಠ ಅಷ್ಟಕ್ಕೇ ಮುಗಿದುಹೋಯಿತು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬಿಗಿದ ತಂತಿಯ ಮೂಲಕ ಶಬ್ದವನ್ನು ದೂರಕ್ಕೆ ಕಳುಹಿಸಿ ನೋಡಿದುದನ್ನು 1665ರಲ್ಲಿ ಅಚ್ಚಾದ ತನ್ನ 'ಮೈಕ್ರೊಗ್ರಾಫಿಯ' ಎಂಬ ಗ್ರಂಥದ ಮುನ್ನುಡಿಯಲ್ಲಿ ಬರೆದಿದ್ದಾನೆ. ನಿಮ್ಮ ಮಗ ಹಜಾರದಿಂದ ಹಿತ್ತಿಲಿಗೆ ದಾರ ಎಳೆದು "ಹಲೋ" ಎನ್ನುವಾಗ ಮಾಡುತ್ತಿರುವುದು ಆ ದೊಡ್ಡ ಮನುಷ್ಯ ಮಾಡಿದ ಕೆಲಸವನ್ನೇ.

ಬೆಂಕಿಕಡ್ಡಿಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಎಂಜಿನಿಯರ್ ಅರವಿಂದ ಗುಪ್ತ ಅವರು 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿಶಾಲೆಗಳ ವಿಜ್ಞಾನ ಪಾಠಕ್ಕಾಗಿ ದುಡಿದವರು. ಸೈಕಲ್ಲಿನ ವಾಲ್ ಟ್ಯೂಬಿನ ಚಿಕ್ಕ ತುಂಡುಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ಆಕೃತಿಗಳನ್ನು ಕಟ್ಟುವ ಆಟವನ್ನು ಅವರು ಮಕ್ಕಳಿಗೆ ಕಲಿಸಿದರು. ಕಸದಿಂದ ಆಟಿಕೆ ಮಾಡುವ ಈ ಕೆಲಸವನ್ನು ಅವರು ಬಿಡದೆ ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ನೀವೂ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೇಳಿ ಒಂದು ಗೇಣು ಟ್ಯೂಬು ತರಿಸಿ. ಕಡ್ಡಿಗಳ ಮದ್ದನ್ನು ನೀವೇ ಕೆರೆದು ತೆಗೆದು ಕೊಡಿ. ಅದು ಮಕ್ಕಳ ಕೆಲಸವಲ್ಲ. ನಾಲ್ಕು ಕಡ್ಡಿಯ ಚೌಕವನ್ನು ಮೂಲೆ ಹಿಡಿದು ಒತ್ತಿದರೆ ವಾಲುತ್ತದೆ, ಚಪ್ಪಟೆಯಾಗುತ್ತದೆ. ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ರೈಲಿನ ಸೇತುವೆಯ ಕಬ್ಬಿಣದಲ್ಲಿ ಅಷ್ಟೊಂದು ತ್ರಿಕೋನಗಳು ಏಕಿವೆ ಎಂದು ಮಗು ಮುಂದೊಂದು ದಿನ ತಾನೇ ಕಂಡುಕೊಂಡರೆ ಆಶ್ಚರ್ಯಪಡಬೇಡಿ.

ಹಿತ್ತಿಲಲ್ಲಿ ತೆಂಗಿನ ಮರ ಇರುವವರಿಗೆ, ಇಲ್ಲವೆ ಮದುವೆಮನೆಯ ಚಪ್ಪರ ಬಿಚ್ಚುವಾಗ ಎರಡು ಹಸಿ ಗರಿ ಸಿಕ್ಕುವವರಿಗೆ, ಪೀಪಿಯ ವಿಷಯ ನಾನು ಹೇಳಬೇಕಾಗಿಲ್ಲ. ಎಲೆಯನ್ನು ಓರೆಯಾಗಿ ಸುತ್ತುತ್ತ ಹೋಗಿ, ಬಾಯಿ ಅಗಲವಾದಾಗ ಕಡ್ಡಿ ಚುಚ್ಚಿ ನಿಲ್ಲಿಸಿ, ಸಣ್ಣ ತುದಿಯನ್ನು ಹಿಸುಕಿ ಊದಿದರೆ ಬೀದಿಗೆಲ್ಲ ಕೇಳುತ್ತದೆ. ಮಧ್ಯಾಹ್ನ ಮಲಗುವವರು ಮನೆಯಲ್ಲಿದ್ದರೆ ಇದನ್ನು ಸಂಜೆಗೆ ಇಟ್ಟುಕೊಳ್ಳುವುದು ಲೇಸು. ಧಾರವಾಡ ವಿಜಾಪುರಗಳ ಕಡೆಯ ಮಕ್ಕಳಿಗೆ ಸುಗ್ಗಿಯ ಕಾಲದಲ್ಲಿ ಜೋಳದ ದಂಟು ಸಿಕ್ಕುತ್ತದೆ. ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಅದೇ ಸಿಪ್ಪೆಯ ಸೀಳುಗಳನ್ನು ಮೊಳೆಗಳಂತೆ ಚುಚ್ಚಿ ಬಂಡಿ, ಎತ್ತು, ಕನ್ನಡಕಗಳನ್ನು ಮಾಡುತ್ತಾರೆ. ಅಂಟಿಲ್ಲ, ದಾರವಿಲ್ಲ, ಒಂದೇ ದಂಟಿನಲ್ಲಿ ಎಲ್ಲವೂ ಇದೆ! ಸೀಳಿದ ಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತ. ಸುಲಿಯುವಾಗ ದೊಡ್ಡವರು ಹತ್ತಿರವಿರಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಅಲ್ಲಿಯ ಮಕ್ಕಳು ಜಿಗಟು ಮಣ್ಣಿನ ಎತ್ತು ಮಾಡುವುದನ್ನು ನೋಡಿದವರಿಗೆ, ನಗರದ ಮಕ್ಕಳು ಕಳೆದುಕೊಂಡಿರುವುದು ಏನೆಂದು ತಿಳಿದೀತು.

ಅಂಟು ಬೇಕಾದ ಕೆಲಸಗಳಿಗೆ ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ ಕಾಯಿಸಿದ ಸರಿ ಸಾಕು. ಹುಳು ಹಿಡಿಯದಿರಲೆಂದು ಹಿಂದಿನವರು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳ ಕೈಗೆ ಕೊಡುವ ಅಂಟಿಗೆ ಅದನ್ನು ಹಾಕಲೇಬಾರದು. ಆಯಾ ದಿನದ್ದನ್ನು ಆಯಾ ದಿನವೇ ಮಾಡಿ ಮುಗಿಸಿ.

ಈಗ ನನಗೆ ಬಹಳ ಪ್ರೀತಿಯ ಕೆಲಸಕ್ಕೆ ಬರುತ್ತೇನೆ. ಬಿದಿರಿನ ಮೊರದ, ಬುಟ್ಟಿಯ ಸಂದುಗಳನ್ನು ಮುಚ್ಚಲು ಕಾಗದವನ್ನೂ ಮೆಂತ್ಯವನ್ನೂ ರುಬ್ಬಿ ಮೆತ್ತುತ್ತಿದ್ದುದನ್ನು ನಮ್ಮ ವಯಸ್ಸಿನವರು ಕಂಡಿದ್ದೇವೆ. ಅದೇ ಹಿಟ್ಟಿನಿಂದ ಬುಟ್ಟಿಯನ್ನೇ ಮಾಡಬಹುದು. ನಾಲ್ಕೈದು ದಿನದ ವೃತ್ತಪತ್ರಿಕೆಯನ್ನು ಉಗುರಗಲದ ಚೂರುಗಳಾಗಿ ಹರಿಯಬೇಕು. ಹರಿಯುವ ಕೆಲಸಕ್ಕೆ ಮಕ್ಕಳನ್ನು ಯಾರೂ ಒತ್ತಾಯ ಮಾಡಬೇಕಾಗಿಲ್ಲ. ಚೂರುಗಳನ್ನು ಬಕೆಟ್ಟಿನ ನೀರಿನಲ್ಲಿ ಎರಡು ದಿನ ನೆನೆಹಾಕಿ, ನಡುವೆ ಒಮ್ಮೆ ನೀರು ಬದಲಾಯಿಸಿ. ಎರಡನೆಯ ರಾತ್ರಿ ಮೆಂತ್ಯ ನೆನೆಸಿ. ನಾಲ್ಕೈದು ಮುಷ್ಟಿ ಹಿಂಡಿದ ಕಾಗದಕ್ಕೆ ಒಂದು ಹಿಡಿ ಮೆಂತ್ಯ, ಇದು ನನ್ನ ಅಳತೆ. ಮರುದಿನ ಮೆಂತ್ಯವನ್ನು ನುಣ್ಣಗೆ ರುಬ್ಬಿ, ಕಾಗದವನ್ನು ಚೆನ್ನಾಗಿ ಹಿಚುಕಿ, ಎರಡನ್ನೂ ಸೇರಿಸಿ ನಾದಬೇಕು. ಒರಳಿದ್ದರೆ ಕಾಗದವನ್ನೂ ಅದರಲ್ಲೇ ರುಬ್ಬಿಬಿಡಿ. ಮಿಕ್ಸಿಗೆ ಹಾಕುವುದಾದರೆ ಸ್ವಲ್ಪ ಸ್ವಲ್ಪವಾಗಿ, ನೀರು ಬಿಟ್ಟುಕೊಂಡು ಹಾಕಿ. ಇಲ್ಲದಿದ್ದರೆ ಮೋಟಾರು ಬಿಸಿಯಾಗುತ್ತದೆ. ಮೆಂತ್ಯದ ಲೋಳೆಯೇ ಅಂಟು. ಅದರ ಕಹಿಗೆ ಹುಳು ದೂರ. ವಾಸನೆ ಮಾತ್ರ, ನಿಜ ಹೇಳುತ್ತೇನೆ, ಒಣಗುವವರೆಗೆ ಅಷ್ಟೇನೂ ಹಿತವಲ್ಲ.

ಒಂದು ಸ್ಟೀಲ್ ಬೋಗುಣಿಯನ್ನು ಕವುಚಿಟ್ಟು, ಮೇಲೆ ತೆಳುವಾದ ಒದ್ದೆ ಬಟ್ಟೆ ಹೊದಿಸಿ, ನಾದಿದ ಹಿಟ್ಟನ್ನು ಅರ್ಧ ಬೆರಳು ದಪ್ಪಕ್ಕೆ ತಟ್ಟುತ್ತ ಹೋಗಬೇಕು. ರೊಟ್ಟಿ ತಟ್ಟಿದ ಹಾಗೆಯೇ. ಬಿಸಿಲಿನಲ್ಲಿ ಒಂದೆರಡು ದಿನ ಇಟ್ಟು, ಅರೆ ಒಣಗಿರುವಾಗಲೇ ಬೋಗುಣಿಯಿಂದ ಬಿಡಿಸಿ, ಬಟ್ಟೆ ಸುಲಿದು, ಒಳಮೈಯನ್ನು ಬಿಸಿಲಿಗೆ ಒಡ್ಡಬೇಕು. ಪೂರ್ತಿ ಒಣಗಲೆಂದು ಕಾದರೆ, ಒಣಗುತ್ತ ಕುಗ್ಗುವ ಕಾಗದಕ್ಕೆ ಒಳಗೆ ಗಟ್ಟಿ ಪಾತ್ರೆ ಅಡ್ಡಬಂದು ಬಿರುಕು ಬಿಡುತ್ತದೆ. ಬಿರುಕು ಬಿಟ್ಟರೂ ಚಿಂತೆಯಿಲ್ಲ, ಮಿಕ್ಕ ಹಿಟ್ಟಿನಿಂದ ಮೆತ್ತಿದರಾಯಿತು. ಕೊನೆಗೆ ಕೆಮ್ಮಣ್ಣು ಬಳಿಯಿರಿ, ಅರಿಶಿನದ ನೀರಿನಲ್ಲಿ ಚುಕ್ಕಿ ಇಡಿಸಿ. ಇದರಲ್ಲಿ ತಿನ್ನುವ ಪದಾರ್ಥ ಇಡುವುದು ಬೇಡ. ಮುದ್ರಣದ ಶಾಯಿ ಒಳ್ಳೆಯದಲ್ಲವೆಂದು, ವೃತ್ತಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಎಚ್ಚರಿಸಿದೆ. ಕೆಲಸವಾದ ಮೇಲೆ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ. ಪೆನ್ಸಿಲು, ಬಳೆ, ಬೀಗದಕೈ, ಗುಂಡಿ, ಇವುಗಳಿಗೆ ಈ ಬುಟ್ಟಿ ಲಾಯಕ್ಕು.

ಆಗಲೇ ಒಂದು ಕಟ್ಟುಪಾಡು ಎಂದೆನಲ್ಲ, ಅದು ಇದು: ಮಗು ಮಾಡಿದ್ದಕ್ಕೆ ನೀವು ಕೈ ಹಾಕಬಾರದು. ಬ್ಲೇಡು, ಒಲೆ, ಸೂಜಿ ಇರುವ ಕಡೆ ಸರಿ. ಸೊಟ್ಟಗಿರುವುದನ್ನು ನೆಟ್ಟಗೆ ಮಾಡುವುದಕ್ಕೆ ಮಾತ್ರ ಬೇಡ. ಶಾಲೆಯ ಪ್ರದರ್ಶನಕ್ಕೆಂದು ರಾತ್ರಿ ಹನ್ನೊಂದರವರೆಗೆ ಕುಳಿತು ತಾಯಿತಂದೆಯರೇ ಮನೆಯ ಮಾದರಿ ಕಟ್ಟಿ, ಅದರ ಮೇಲೆ ಮಗುವಿನ ಹೆಸರಿನ ಚೀಟಿ ಅಂಟಿಸುವುದನ್ನು ನಾವೆಲ್ಲ ನೋಡಿಲ್ಲವೆ? ಬೇರೆಯವರ ಮಾತೇಕೆ, ನನ್ನದೇ ಹೇಳುತ್ತೇನೆ.

ನನ್ನ ಮೊಮ್ಮಗಳಿಗೆ ಆಗ ಏಳು ವರ್ಷ. ರಜಕ್ಕೆ ಬಂದವಳು ಇಂಥದೇ ಒಂದು ಬುಟ್ಟಿ ತಟ್ಟಿದಳು. ಒಂದು ಮಗ್ಗುಲು ದಪ್ಪ, ಒಂದು ಮಗ್ಗುಲು ತೆಳು, ಅಂಚು ಅಂಕುಡೊಂಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಅಂಚನ್ನು ಸವರಿ ಸರಿಮಾಡಿದೆ, ಉಬ್ಬನ್ನು ಒತ್ತಿದೆ. ನೋಡಲು ಲಕ್ಷಣವಾಯಿತು. ಬೆಳಿಗ್ಗೆ ಅವಳು ಬಂದು ನೋಡಿದಳು, ಅಂಚಿನ ಸುತ್ತ ಬೆರಳಾಡಿಸಿದಳು.

"ಅಜ್ಜಿ, ಇದನ್ನು ಯಾರು ಮುಟ್ಟಿದರು?"

"ಯಾರೂ ಇಲ್ಲಮ್ಮ. ಒಣಗಿ ಹಾಗಾಗಿರಬೇಕು."

"ಇಲ್ಲಿ ನನ್ನ ಹೆಬ್ಬೆರಳಿನ ಗುರುತಿತ್ತು" ಎಂದಳು. ಅಷ್ಟೇ. ಅಳಲಿಲ್ಲ, ರಂಪಮಾಡಲಿಲ್ಲ. ಆದರೆ ಆ ಬುಟ್ಟಿಯ ಕಡೆಗೆ ಮತ್ತೆ ಹೋಗಲಿಲ್ಲ. ಕೆಮ್ಮಣ್ಣು ಕಲಸಿಟ್ಟೆ, ಬೇಡವೆಂದಳು. ಅವರಮ್ಮ ಬಂದು "ಎಷ್ಟು ಚೆನ್ನಾಗಿ ಮಾಡಿದ್ದೀಯೆ!" ಎಂದಾಗ ನನ್ನ ಮುಖವನ್ನೊಮ್ಮೆ ನೋಡಿ ಆಚೆ ಹೋದಳು. ಅರುವತ್ತು ದಾಟಿದ ಮೇಲೆ ಏಳು ವರ್ಷದ ಹುಡುಗಿಯ ಕಣ್ಣು ತಪ್ಪಿಸಿ ಓಡಾಡುವ ಗತಿ ನನಗೆ ಬಂತು.

ಮೂರು ದಿನ ತಡೆದು, ನಾಲ್ಕನೆಯ ದಿನ ಒಪ್ಪಿಕೊಂಡೆ. "ನಾನೇ ಸವರಿದ್ದು ಕಣೆ. ಸುಳ್ಳು ಹೇಳಿದೆ." ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೇಳಿದ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ:

"ಇದನ್ನು ಮತ್ತೆ ನೀರಿಗೆ ಹಾಕಿದರೆ ಕಾಗದವಾಗುತ್ತದೆಯೆ, ಅಜ್ಜಿ?"

ಆಗುತ್ತದೆ. ಮೆಂತ್ಯದ ಅಂಟು ನೀರಿನಲ್ಲಿ ಬಿಡುತ್ತದೆ. ಒಂದು ದಿನ ನೆನೆದರೆ ಬುಟ್ಟಿಯೆಲ್ಲ ಮೆತ್ತಗಾಗಿ ಹಿಟ್ಟಾಗುತ್ತದೆ. ನನ್ನ ಲಕ್ಷಣವಾದ ಬುಟ್ಟಿಯನ್ನು ಅವಳು ತನ್ನ ಕೈಯಾರೆ ಬಕೆಟ್ಟಿಗೆ ಮುಳುಗಿಸಿದಳು. ಇನ್ನೊಂದಿಷ್ಟು ಮೆಂತ್ಯ ರುಬ್ಬಿಸಿಕೊಂಡು ಹೊಸದನ್ನು ತಟ್ಟಿದಳು. ಅದು ಮೊದಲಿನದಕ್ಕಿಂತಲೂ ಸೊಟ್ಟ. ಈ ಸಲ ಅಂಚಿನ ಸುತ್ತಲೂ, ಒಂದು ಕಡೆಯೂ ಬಿಡದೆ, ಹೆಬ್ಬೆರಳು ಒತ್ತಿ ಗುರುತು ಮಾಡಿದ್ದಳು. ಅದು ಒಣಗುವವರೆಗೆ ನಾನು ಆ ಕಡೆ ಹೋಗಲೇ ಇಲ್ಲ.

ಆ ಬುಟ್ಟಿ ಈಗ ನನ್ನ ಮೇಜಿನ ಮೇಲಿದೆ. ಕನ್ನಡಕ, ಮಾತ್ರೆಯ ಚೀಟಿ ಅದರಲ್ಲಿರುತ್ತವೆ. ಒಂದು ಕಡೆಗೆ ವಾಲುತ್ತದೆ, ಗೋಡೆಗೆ ಒರಗಿಸಿಟ್ಟಿದ್ದೇನೆ.

ಮರೆಯುವ ಮೊದಲು ಇನ್ನೊಂದು ಮಾತು. ಬಕೆಟ್ಟಿನ ತಳದಲ್ಲಿ ಮಿಕ್ಕ ಹಿಟ್ಟನ್ನು ಬಚ್ಚಲಿಗೆ ಸುರಿಯಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಹಿಂಡಿ, ಉಂಡೆ ಕಟ್ಟಿ ಒಣಗಿಸಿಟ್ಟರೆ, ಮುಂದಿನ ರಜಕ್ಕೆ ನೆನೆಸಿ ಮತ್ತೆ ಉಪಯೋಗಿಸಬಹುದು. ಆಗ ಮೆಂತ್ಯ ಹೊಸದಾಗಿ ಹಾಕಬೇಕು.